ಪರೀಕ್ಷೆಯ ಬಾಗಿಲಲ್ಲಿ ನಿಂತವರು

(ಹಾಸ್ಟೆಲ್ ಗೆಳೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಚೀನಾ ದೇಶದ ಚರಿತ್ರೆ, ಸಂಸ್ಕೃತಿ ಬಗ್ಗೆ ನಾಲ್ಕು ಮಾತು ಆಡಬೇಕು ಅಂತ ಕರೆದಿರಿ. ನಾವು ಚೀನಾ ನೋಡಿದವರಲ್ಲ, ಅವರ ಭಾಷೆ ಕಲಿತವರೂ ಅಲ್ಲ. ಪುಸ್ತಕ ಓದಿ ತಿಳಿದದ್ದು ಅಷ್ಟೆ. ಬರುವಾಗ ದಾರಿಯಲ್ಲಿ ಗೆಳೆಯನೊಬ್ಬ ಕೇಳಿದ: 'ಊರ ಬಾವಿಯ ಜಗಳವೇ ನಮಗೆ ಮುಗಿದಿಲ್ಲ, ನೀವು ಚೀನಾದ ಗೋಡೆ ಕಟ್ಟಿಕೊಂಡು ಏನು ಮಾಡ್ತೀರಿ?' ಅವನು ಕೇಳಿದ್ದು ಸರಿಯೆ. ಅದಕ್ಕೇ ಗೋಡೆಯ ಮಾತು ಬಿಟ್ಟು ಬಾಗಿಲಿನ ಮಾತು ಆಡ್ತೇವೆ. ಯಾವ ಬಾಗಿಲು ಅಂತ ಮುಂದೆ ಗೊತ್ತಾಗುತ್ತೆ.

ಮೊದಲು ನಮ್ಮ ಶಾಲೆಯ ಪುಸ್ತಕದಿಂದ ಶುರು ಮಾಡೋಣ. ಹ್ಯೂಯೆನ್‌ತ್ಸಾಂಗ್ ಹೆಸರು ನಿಮಗೆಲ್ಲ ಗೊತ್ತು. ಚೀನಾದಿಂದ ಬಂದ ಬೌದ್ಧ ಭಿಕ್ಷು. 629ರಲ್ಲಿ ಹೊರಟು 645ರಲ್ಲಿ ವಾಪಸು ಹೋದ. ಇಮ್ಮಡಿ ಪುಲಿಕೇಶಿಯ ರಾಜ್ಯಕ್ಕೂ ಬಂದಿದ್ದ, ರಾಜನನ್ನು ಹೊಗಳಿ ಬರೆದ. ಇಷ್ಟು ಬರೆದರೆ ಪರೀಕ್ಷೆಯಲ್ಲಿ ಎರಡು ಮಾರ್ಕು. ನಾವೂ ಬರೆದೆವು, ಮಾರ್ಕು ತಗೊಂಡೆವು. ಆದರೆ ಅದೇ ಮನುಷ್ಯ ಅದೇ ಪುಸ್ತಕದಲ್ಲಿ ಇನ್ನೊಂದು ಮಾತು ಬರೆದಿದ್ದಾನೆ. ಈ ದೇಶದಲ್ಲಿ ಕಟುಕರು, ಮೀನು ಹಿಡಿಯೋರು, ಆಟ ಆಡಿಸೋರು, ಗಲ್ಲಿಗೆ ಹಾಕೋರು, ಕಸ ಬಳಿಯೋರು ಊರ ಹೊರಗೆ ಇರ್ತಾರೆ, ದಾರಿಯಲ್ಲಿ ನಡೆಯುವಾಗ ಎಡಗಡೆ ಸರಿದು ಮುದುಡಿಕೊಂಡು ನಡೀತಾರೆ ಅಂತ. ಇದನ್ನು ನಮಗೆ ಯಾವ ಮೇಷ್ಟರೂ ಹೇಳಲಿಲ್ಲ. ಇದಕ್ಕೆ ಮಾರ್ಕೂ ಇಲ್ಲ.

ಅವನಿಗಿಂತ ಎರಡು ಶತಮಾನ ಮೊದಲು ಫಾಹಿಯಾನ್ ಬಂದಿದ್ದ. 399ರಲ್ಲಿ ಹೊರಟು 412ರಲ್ಲಿ ತನ್ನ ದೇಶ ಮುಟ್ಟಿದ. ಅವನ ಬರಹದಲ್ಲಿ ಚಂಡಾಲರು ಬರ್ತಾರೆ. ಅವರು ಊರೊಳಗೆ, ಸಂತೆಯೊಳಗೆ ಕಾಲಿಡುವಾಗ ಮರದ ತುಂಡು ಬಡಿದು ಸದ್ದು ಮಾಡಬೇಕು. ಸದ್ದು ಕೇಳಿ ಮಿಕ್ಕವರು ದೂರ ಸರಿಯಬೇಕು. ಗುಪ್ತರ ಕಾಲ ಅಂದರೆ ಸುವರ್ಣಯುಗ ಅಂತ ಬಾಯಿಪಾಠ ಮಾಡಿದವರು ನಾವು. ಆ ಚಿನ್ನದ ಕಾಲದಲ್ಲಿ ನಮ್ಮವರ ಕೈಯಲ್ಲಿ ಇದ್ದದ್ದು ಮರದ ತುಂಡು. ಬಾಬಾಸಾಹೇಬ ಅಂಬೇಡ್ಕರ್ 1948ರಲ್ಲಿ ಪ್ರಕಟಿಸಿದ ಅಸ್ಪೃಶ್ಯರ ಮೂಲದ ಬಗೆಗಿನ ಪುಸ್ತಕದಲ್ಲಿ ಈ ಇಬ್ಬರು ಚೀನೀಯರ ಮಾತನ್ನೂ ಮುಂದಿಟ್ಟುಕೊಂಡು, ಅಸ್ಪೃಶ್ಯತೆ ಯಾವ ಕಾಲಕ್ಕೆ ಹುಟ್ಟಿತು ಅಂತ ಚರ್ಚೆ ಮಾಡಿದ್ದಾರೆ. ಅಂದರೆ ನಮ್ಮ ಕಥೆಗೆ ಸಾಕ್ಷಿ ಹೇಳಿದವರಲ್ಲಿ ಚೀನಾದವರೂ ಇದ್ದಾರೆ.

ಇದನ್ನು ಓದಿದಾಗ ನಮಗೆ ಒಂದು ಪ್ರಶ್ನೆ ಹುಟ್ಟಿತು. ಇಲ್ಲಿಗೆ ಬಂದು ಊರ ಹೊರಗಿನವರನ್ನು ಕಂಡ ಆ ಭಿಕ್ಷುಗಳ ಊರಲ್ಲಿ ಊರ ಹೊರಗಿನವರು ಇರಲಿಲ್ಲವೆ? ಇದ್ದರು. ಅವರ ಕಥೆ ಹೇಳಬೇಕಾದರೆ ಮೊದಲು ಚೀನಾದ ಪರೀಕ್ಷೆಯ ಕಥೆ ಹೇಳಬೇಕು.

ಪರೀಕ್ಷೆ ಅಂದರೆ ಹೊಟ್ಟೆಯಲ್ಲಿ ತಳಮಳ ಆಗೋದು ನಮಗೆ ಮಾತ್ರ ಅಂತ ತಿಳಿಯಬೇಡಿ. ಚೀನಾದಲ್ಲಿ ಸರ್ಕಾರಿ ಅಧಿಕಾರಿಗಳನ್ನು ಪರೀಕ್ಷೆ ಇಟ್ಟು ಆರಿಸುವ ಪದ್ಧತಿ ಸೂಯ್ ವಂಶದ ಕಾಲಕ್ಕೆ, ಅಂದರೆ ಸುಮಾರು ಕ್ರಿ.ಶ. 600ರ ಹೊತ್ತಿಗೆ ಶುರುವಾಯಿತು. ನಿಂತದ್ದು 1905ರಲ್ಲಿ. ಸುಮಾರು 1300 ವರ್ಷ! ತಾಂಗ್, ಸೊಂಗ್, ಮಿಂಗ್, ಚಿಂಗ್ ಅಂತ ರಾಜವಂಶಗಳು ಬಂದವು, ಹೋದವು; ಪರೀಕ್ಷೆ ಮಾತ್ರ ನಡುನಡುವೆ ನಿಂತರೂ ಮತ್ತೆ ಮತ್ತೆ ಎದ್ದು ನಿಂತಿತು. ಊರ ಮಟ್ಟದಲ್ಲಿ ಒಂದು, ಪ್ರಾಂತದ ಮಟ್ಟದಲ್ಲಿ ಮೂರು ವರ್ಷಕ್ಕೊಮ್ಮೆ ಒಂದು, ರಾಜಧಾನಿಯಲ್ಲಿ ಒಂದು, ಕೊನೆಗೆ ಚಕ್ರವರ್ತಿಯ ಅರಮನೆಯಲ್ಲಿ ಒಂದು. ಲಕ್ಷಾಂತರ ಜನ ಕೆಳಗಿನ ಮೆಟ್ಟಿಲಲ್ಲಿ ನಿಂತರೆ, ಒಂದು ಸಲಕ್ಕೆ ಕೊನೆಯ ಮೆಟ್ಟಿಲು ಹತ್ತೋರು ಸಾಮಾನ್ಯವಾಗಿ ಇನ್ನೂರು ಮುನ್ನೂರು ಜನ.

ಇದರಲ್ಲಿ ಒಳ್ಳೆಯದು ಇರಲಿಲ್ಲ ಅಂತ ನಾವು ಹೇಳೋದಿಲ್ಲ. ಬೇರೆ ಕಡೆ ಅಪ್ಪ ದೊರೆಯಾದರೆ ಮಗ ದೊರೆ, ಅಪ್ಪ ಪುರೋಹಿತನಾದರೆ ಮಗ ಪುರೋಹಿತ ಅಂತ ಇದ್ದ ಕಾಲದಲ್ಲಿ, ಅಲ್ಲಿ ರೈತನ ಮಗ ಓದಿ ಮಂತ್ರಿಯಾಗಬಹುದು ಅನ್ನೋ ಮಾತು ಇತ್ತು. ಅಪರೂಪಕ್ಕೆ ಆಗುತ್ತಲೂ ಇತ್ತು. ಇನ್ನೊಂದು ವಿಷಯ ಕೇಳಿ. ಸುಮಾರು ಸಾವಿರ ವರ್ಷದ ಹಿಂದೆ ಸೊಂಗ್ ಕಾಲದಲ್ಲೇ ಉತ್ತರ ಪತ್ರಿಕೆಯ ಮೇಲಿನ ಹೆಸರನ್ನು ಮುಚ್ಚಿ ಅಂಟಿಸ್ತಿದ್ದರು. ಅಷ್ಟೇ ಅಲ್ಲ, ಕೈಬರಹದ ಗುರುತು ಸಿಗಬಾರದು ಅಂತ ಗುಮಾಸ್ತರನ್ನು ಕೂರಿಸಿ ಪ್ರತಿಯೊಂದು ಉತ್ತರವನ್ನೂ ಬೇರೆ ಹಾಳೆಯಲ್ಲಿ ನಕಲು ಮಾಡಿಸಿ, ಆ ನಕಲನ್ನು ಮಾತ್ರ ಪರೀಕ್ಷಕನಿಗೆ ಕೊಡ್ತಿದ್ದರು. ಹೆಸರು ಕೇಳಿದ ಕೂಡಲೇ ಕೇರಿ ಯಾವುದು ಅಂತ ಲೆಕ್ಕ ಹಾಕುವ ಜನರ ನಡುವೆ ಬೆಳೆದ ನಮಗೆ ಇದು ಎಷ್ಟು ದೊಡ್ಡ ವಿಷಯ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಪರೀಕ್ಷೆ ಕೋಣೆ ಹೇಗಿತ್ತು ಅಂದರೆ, ಸಾಲುಸಾಲಾಗಿ ಕಟ್ಟಿದ ಗೂಡುಗಳು. ನಾನ್‌ಜಿಂಗ್ ಪಟ್ಟಣದ ಪರೀಕ್ಷಾ ಮೈದಾನದಲ್ಲಿ ಒಂದು ಕಾಲಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಗೂಡುಗಳಿದ್ದವು. ಒಂದು ಗೂಡಿಗೆ ಒಬ್ಬ. ಬಾಗಿಲಿಲ್ಲ. ಎರಡು ಹಲಗೆ. ಹಗಲು ಒಂದು ಹಲಗೆ ಕೂರೋದಕ್ಕೆ, ಒಂದು ಬರೆಯೋದಕ್ಕೆ. ರಾತ್ರಿ ಎರಡನ್ನೂ ಸೇರಿಸಿ ಕಾಲು ಮಡಚಿ ಮಲಗಬೇಕು. ಊಟ, ಚಾಪೆ, ಮಸಿ, ಎಲ್ಲ ತಾನೇ ತರಬೇಕು. ಮೂರು ಸುತ್ತು, ಒಂದೊಂದು ಸುತ್ತಿಗೆ ಎರಡು ರಾತ್ರಿ ಒಳಗೇ. ಬಾಗಿಲಲ್ಲಿ ಮೈ ತಡಕಿ ಒಳಗೆ ಬಿಡ್ತಿದ್ದರು. ಆದರೂ ಒಳಂಗಿಯ ತುಂಬ ಸಾಸಿವೆ ಕಾಳಿನಂಥ ಅಕ್ಷರ ಬರೆದುಕೊಂಡು ಹೋಗೋರು ಇದ್ದರು. ಕಾಪಿ ಹೊಡೆಯೋದು ಕೂಡ ಹಳೇ ವಿದ್ಯೆ ಅನ್ನಿ! ನಡುವೆ ಯಾರಾದರೂ ಸತ್ತರೆ ಮೈದಾನದ ಬಾಗಿಲು ತೆಗೆಯೋ ಹಾಗಿಲ್ಲ. ಹೆಣವನ್ನು ಚಾಪೆಯಲ್ಲಿ ಸುತ್ತಿ ಗೋಡೆಯಾಚೆ ಹಾಕ್ತಿದ್ದರು ಅಂತ ಬರೆದಿದ್ದಾರೆ.

ಈಗ ಬಾಗಿಲಿನ ಮಾತಿಗೆ ಬರೋಣ. ಗೂಡಿನೊಳಗೆ ಕೂತವನ ಹೆಸರು ಮುಚ್ಚಿ ಮಾರ್ಕು ಹಾಕಿದರು, ಸರಿ. ಆದರೆ ಗೂಡಿನ ತನಕ ಬರುವವನು ಯಾರು? ಮೊದಲಿಗೆ ಹೆಂಗಸರು ಇಲ್ಲ. ದೇಶದ ಅರ್ಧ ಜನ ಅಲ್ಲಿಗೇ ಹೊರಗೆ. ಉಳಿದ ಗಂಡಸರಲ್ಲಿ, ಚಿಂಗ್ ವಂಶದ ಕಾಲದಲ್ಲಿ ಊರ ಮಟ್ಟದ ಮೊದಲ ಪರೀಕ್ಷೆಗೆ ಹೆಸರು ಕೊಡಬೇಕಾದರೂ ಒಬ್ಬ ಪದವಿ ಪಡೆದವನು ಜಾಮೀನು ನಿಂತು ಬರೆದುಕೊಡಬೇಕಿತ್ತು. ಏನಂತ? ಈ ಹುಡುಗನ ಮನೆತನ ಮೂರು ತಲೆಮಾರಿನಿಂದ ಶುದ್ಧವಾಗಿದೆ, ಇವನು ಗುಲಾಮರ, ವೇಶ್ಯೆಯರ, ನಾಟಕದವರ, ಕಚೇರಿಯಲ್ಲಿ ದೊಣ್ಣೆ ಹಿಡಿದು ಓಡಾಡುವ ಜವಾನರ ವಂಶದವನಲ್ಲ ಅಂತ. ನಾವು ಜಾತಿ ಸರ್ಟಿಫಿಕೇಟಿಗೆ ಕಚೇರಿ ಅಲೀತೇವಲ್ಲ, ಅಲ್ಲಿ ಅದರ ತಿರುಗಾ ಮುರುಗಾ: ಹೀನರಲ್ಲ ಅನ್ನೋ ಸರ್ಟಿಫಿಕೇಟು. ಅದು ಇಲ್ಲದೆ ಹೋದರೆ ಮಸಿ ಕುಡಿಕೆ ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಲ್ಲೇ ನಿಲ್ಲಬೇಕು.

ಚೀನಾದ ಕಾನೂನು ಬಹಳ ಹಿಂದೆಯೇ ಜನರನ್ನು ಎರಡು ಭಾಗ ಮಾಡಿತ್ತು. ಒಳ್ಳೆಯ ಜನ, ಹೀನ ಜನ. 653ರ ತಾಂಗ್ ವಂಶದ ಕಾನೂನು ಗ್ರಂಥದಲ್ಲೇ ಈ ಭೇದ ಉಂಟು. ಒಂದೇ ತಪ್ಪಿಗೆ ಒಳ್ಳೆಯವನಿಗೆ ಒಂದು ಶಿಕ್ಷೆ, ಹೀನನಿಗೆ ಒಂದು ಶಿಕ್ಷೆ. ಮನುಸ್ಮೃತಿ ಕೇಳಿದ ಕಿವಿಗೆ ಇದು ಹೊಸದಲ್ಲ. ಆದರೂ ಎರಡನ್ನೂ ಒಂದೇ ಅಂದುಬಿಡೋದು ತಪ್ಪಾಗುತ್ತೆ. ಅಲ್ಲಿ ದೇವರು ಪಾದದಿಂದ ಹುಟ್ಟಿಸಿದ ಅನ್ನೋ ಮಂತ್ರ ಇಲ್ಲ. ಹೀನರು ಜನಸಂಖ್ಯೆಯ ಸಣ್ಣ ಭಾಗ. ಹೀನತನ ಬಂದದ್ದು ರಾಜನ ಆಜ್ಞೆಯಿಂದ, ಮಾಡುವ ಕೆಲಸದಿಂದ, ಸರ್ಕಾರದ ಲೆಕ್ಕದ ಪುಸ್ತಕದಿಂದ. ಆದರೆ ಒಂದು ಸಲ ಆ ಪುಸ್ತಕದಲ್ಲಿ ಹೆಸರು ಬಿದ್ದರೆ ಮಗನಿಗೂ ಅದೇ, ಮೊಮ್ಮಗನಿಗೂ ಅದೇ.

ಅಂಥವರಲ್ಲಿ ಒಂದು ಗುಂಪಿನ ಹೆಸರು ದುವೊಮಿನ್. ಬಿದ್ದುಹೋದ ಜನ ಅಂತ ಅರ್ಥ. ಪೂರ್ವ ಚೀನಾದ ಜೆಜಿಯಾಂಗ್ ಪ್ರಾಂತದ ಶಾವ್‌ಶಿಂಗ್, ನಿಂಗ್ಬೊ ಸೀಮೆಯಲ್ಲಿ ಇದ್ದರು. ಗಂಡಸರು ಮದುವೆಗೆ, ಸಾವಿಗೆ ವಾದ್ಯ ನುಡಿಸೋರು, ಕಪ್ಪೆ ಹಿಡಿದು ಮಾರೋರು, ಮಿಠಾಯಿ ಮಾರೋರು. ಹೆಂಗಸರು ದೊಡ್ಡ ಮನೆಯ ಮದುವಣಗಿತ್ತಿಯರಿಗೆ ತಲೆ ಬಾಚಿ ಸಿಂಗಾರ ಮಾಡೋರು, ಹಬ್ಬ ಹುಣ್ಣಿಮೆಗೆ ಹೋಗಿ ಚಾಕರಿ ಮಾಡೋರು. ಅವರ ಬೀದಿ ಬೇರೆ, ಉಡುಪು ಬೇರೆ, ಮದುವೆ ಅವರವರಲ್ಲೇ. ಓದುವ ಹಾಗಿಲ್ಲ, ಅಧಿಕಾರಕ್ಕೆ ಬರುವ ಹಾಗಿಲ್ಲ. ಯಾಕೆ ಹೀಗಾಯಿತು ಅಂದರೆ ಅದಕ್ಕೊಂದು ಕಥೆ ರೆಡಿ: ಯಾವುದೋ ಕಾಲದಲ್ಲಿ ಶತ್ರುವಿಗೆ ಶರಣಾದ ಸೈನಿಕರ ಸಂತಾನ ಇವರು ಅಂತ. ನೋಡಿ, ಎಲ್ಲ ದೇಶದಲ್ಲೂ ಹೀಗೆಯೆ. ಕೆಳಗೆ ತಳ್ಳಿದ ಮೇಲೆ, ತಪ್ಪು ನಿಮ್ಮ ತಾತನದೇ ಅಂತ ಕಥೆ ಕಟ್ಟಿ ಕೊಡ್ತಾರೆ. ಉತ್ತರದ ಶಾನ್‌ಶಿ ಪ್ರಾಂತದಲ್ಲಿ ವಾದ್ಯದ ಮನೆಯವರು ಅನ್ನೋ ಹೀನ ಗುಂಪು ಇತ್ತು. ಅವರ ಬಗ್ಗೆ ಇರುವ ಕಥೆ ಇನ್ನೂ ವಿಚಿತ್ರ. 1402ರಲ್ಲಿ ಸಿಂಹಾಸನ ಕಿತ್ತುಕೊಂಡ ಮಿಂಗ್ ದೊರೆಗೆ ತಲೆ ಬಾಗಿಸದ ಅಧಿಕಾರಿಗಳ ಹೆಂಡತಿ ಮಕ್ಕಳನ್ನು ಆ ಪಟ್ಟಿಗೆ ಸೇರಿಸಿದರಂತೆ. ಶರಣಾದವನ ಮಕ್ಕಳೂ ಹೀನರು, ಶರಣಾಗದವನ ಮಕ್ಕಳೂ ಹೀನರು!

1723ರಲ್ಲಿ ಯೊಂಗ್‌ಜೆಂಗ್ ಅನ್ನೋ ಚಕ್ರವರ್ತಿ ಆಜ್ಞೆ ಹೊರಡಿಸಿದ. ವಾದ್ಯದ ಮನೆಯವರನ್ನೂ ದುವೊಮಿನ್ ಜನರನ್ನೂ ಹೀನರ ಪಟ್ಟಿಯಿಂದ ತೆಗೆಯಿರಿ ಅಂದ. ಮುಂದಿನ ವರ್ಷಗಳಲ್ಲಿ ದಕ್ಷಿಣದ ದೋಣಿ ಜನರ ಬಗ್ಗೆಯೂ ಇಂಥದೇ ಆಜ್ಞೆ ಬಂತು. ದೋಣಿಯಲ್ಲೇ ಹುಟ್ಟಿ ದೋಣಿಯಲ್ಲೇ ಸಾಯುತ್ತಿದ್ದ, ದಡದಲ್ಲಿ ಮನೆ ಕಟ್ಟಲು ಬಿಡದ ಜನ ಅವರು. ಕಾನೂನಿನಲ್ಲಿ ಬಿಡುಗಡೆ ಆಯಿತು. ಹಾಗಾದರೆ ಮಾರನೇ ವರ್ಷ ಅವರ ಮಕ್ಕಳು ಪರೀಕ್ಷೆಗೆ ಕೂತರೆ? ಇಲ್ಲ. 1771ರಲ್ಲಿ ಇನ್ನೊಂದು ನಿಯಮ ಬಂತು. ಹಳೇ ಕಸುಬು ಬಿಟ್ಟೆವು ಅಂತ ಸರ್ಕಾರಕ್ಕೆ ತಿಳಿಸಿದ ದಿನದಿಂದ ನಾಲ್ಕನೇ ತಲೆಮಾರಿನವನು, ಅದೂ ಅವನ ಹತ್ತಿರದ ನೆಂಟರೆಲ್ಲ ಶುದ್ಧವಾಗಿದ್ದರೆ, ಪರೀಕ್ಷೆ ಬರೆಯಬಹುದು. ಮುತ್ತಾತ ಅರ್ಜಿ ಕೊಟ್ಟರೆ ಮರಿಮಗನಿಗೆ ಹಾಲ್ ಟಿಕೆಟ್ಟು! ಆಜ್ಞೆ ಹೊರಡಿಸಿದ ಕೈಯೇ ಬಾಗಿಲಿಗೆ ಅಗುಳಿಯನ್ನೂ ಹಾಕಿತು.

ಗೆಳೆಯರೆ, ನಮ್ಮನ್ನು ಕಾಲೇಜಿನಲ್ಲಿ ಕೇಳ್ತಾರಲ್ಲ, 'ನೀವು ಮೆರಿಟ್ ಮೇಲೆ ಬಂದವರಾ, ಕೋಟಾ ಮೇಲೆ ಬಂದವರಾ' ಅಂತ. ನಮ್ಮಲ್ಲಿ ಎಷ್ಟೋ ಜನ ಆಗ ತಲೆ ತಗ್ಗಿಸ್ತೇವೆ. ಲೋಕದಲ್ಲೇ ಅತ್ಯಂತ ಹಳೆಯ ಮೆರಿಟ್ ಪರೀಕ್ಷೆಯ ಕಥೆ ಇದು. ಒಳಗೆ ಎಷ್ಟು ನ್ಯಾಯ! ಹೆಸರು ಮುಚ್ಚಿದರು, ಕೈಬರಹ ಮುಚ್ಚಿದರು. ಹೊರಗೆ ಬಾಗಿಲಲ್ಲಿ ಮೂರು ತಲೆಮಾರು ಬಿಚ್ಚಿ ನೋಡಿದರು. ಬಾಗಿಲಲ್ಲಿ ತಡೆದವರ ಮೆರಿಟ್ ಎಷ್ಟಿತ್ತು ಅಂತ ಯಾವ ತಕ್ಕಡಿಯೂ ತೂಗಲಿಲ್ಲ. ಅಳೆದದ್ದು ಒಳಗೆ ಬಂದವರನ್ನು ಮಾತ್ರ. 1855ರಿಂದ ನಮ್ಮ ದೇಶದ ಸಿವಿಲ್ ಸರ್ವೀಸಿಗೆ ಲಂಡನ್ನಿನಲ್ಲಿ ಸ್ಪರ್ಧಾ ಪರೀಕ್ಷೆ ಶುರುವಾಯಿತಲ್ಲ, ಆ ಕಾಲದ ಬ್ರಿಟಿಷರ ಚರ್ಚೆಗಳಲ್ಲಿ ಚೀನಾದ ಪರೀಕ್ಷೆಯ ಮಾತು ಬಂದಿತ್ತು. ಸಮುದ್ರ ದಾಟಿ ಹೋಗಿ ಪರೀಕ್ಷೆ ಬರೆಯಬೇಕು. ಯಾರು ಹೋದರು, ಯಾರ ಮನೆಯಲ್ಲಿ ಹಡಗಿನ ಟಿಕೆಟ್ಟಿಗೆ ದುಡ್ಡಿತ್ತು ಅಂತ ನೀವೇ ಯೋಚನೆ ಮಾಡಿ.

ಒಳಗೆ ಬಂದವರ ಗತಿಯೂ ಸುಖವಾಗಿರಲಿಲ್ಲ. ಕನ್‌ಫ್ಯೂಷಿಯಸ್‌ನ ಹೆಸರಿನ ಹಳೇ ಗ್ರಂಥಗಳನ್ನು, ಒಟ್ಟು ನಾಲ್ಕು ಲಕ್ಷಕ್ಕೂ ಮಿಕ್ಕಿದ ಅಕ್ಷರಗಳನ್ನು, ಬಾಯಿಪಾಠ ಮಾಡಬೇಕು. ಮಿಂಗ್ ಕಾಲದಿಂದ ಉತ್ತರ ಬರೆಯೋದಕ್ಕೆ ಎಂಟು ಭಾಗದ ಒಂದು ಚೌಕಟ್ಟು ಮಾಡಿದರು, ಅದರ ಆಚೆ ಈಚೆ ಅಲುಗಾಡುವ ಹಾಗಿಲ್ಲ. ಬರೆಯುವ ಭಾಷೆ ಯಾರ ಮನೆಯಲ್ಲೂ ಆಡದ ಎರಡು ಸಾವಿರ ವರ್ಷದ ಹಿಂದಿನ ಭಾಷೆ. ರೈತನ ಮಗ ಹೊಲ ಬಿಟ್ಟು ಹದಿನೈದು ಇಪ್ಪತ್ತು ವರ್ಷ ಇದನ್ನೇ ಓದ್ತಾ ಕೂತರೆ ಅನ್ನ ಹಾಕೋರು ಯಾರು? ದುಡ್ಡಿದ್ದವರಿಗೆ ಚಿಂಗ್ ಕಾಲದಲ್ಲಿ ಕೆಲವು ಪದವಿಗಳು ಕ್ರಯಕ್ಕೂ ಸಿಗುತ್ತಿದ್ದವು.

ನಾವು ಪದ್ಯ ಬರೆಯೋ ಜನ ಆದ್ದರಿಂದ ದು ಫು ಬಗ್ಗೆ ಹೇಳದೆ ಇರಲಾರೆವು. ಚೀನಾದ ಮಹಾಕವಿ. ಹುಟ್ಟಿದ್ದು 712, ಸತ್ತದ್ದು 770. ಅವನು ಪರೀಕ್ಷೆಯಲ್ಲಿ ಫೇಲಾದವನು! 747ರಲ್ಲಿ ಮತ್ತೆ ಕೂತಾಗ, ಆಗಿನ ಮಂತ್ರಿ ಕೂತ ಅಷ್ಟೂ ಜನರನ್ನು ಫೇಲು ಮಾಡಿ, ಹೊರಗೆ ಪ್ರತಿಭಾವಂತರು ಯಾರೂ ಉಳಿದಿಲ್ಲ ಮಹಾಪ್ರಭು ಅಂತ ಚಕ್ರವರ್ತಿಗೆ ವರದಿ ಒಪ್ಪಿಸಿದ. 'ಅರ್ಹ ಅಭ್ಯರ್ಥಿಗಳು ದೊರೆಯಲಿಲ್ಲ' ಅಂತ ನೋಟೀಸ್ ಬೋರ್ಡಿನಲ್ಲಿ ಓದಿದ ನಮಗೆ ಆ ಮಂತ್ರಿಯ ಗುರುತು ಚೆನ್ನಾಗಿ ಸಿಗುತ್ತೆ. ಮುಂದೆ 755ರಲ್ಲಿ ದು ಫು ಮನೆಗೆ ಬಂದಾಗ ಅವನ ಎಳೇ ಮಗು ಹಸಿವಿನಿಂದ ಸತ್ತಿತ್ತು. ಆ ಸಂಕಟವನ್ನು ಅವನು ಪದ್ಯದಲ್ಲಿ ಬರೆದ. ಬರೆಯುವಾಗ ತನಗಿಂತ ಕಷ್ಟದಲ್ಲಿರುವ, ಹೊಲ ಕಳೆದುಕೊಂಡವರನ್ನೂ ನೆನೆದ. ಮಂತ್ರಿಯನ್ನು ಇವತ್ತು ಕೇಳೋರಿಲ್ಲ, ದು ಫುವನ್ನು ಓದ್ತಾರೆ.

ಇನ್ನೊಬ್ಬ ಹೊಂಗ್ ಶಿಯುಚ್ವಾನ್. ದಕ್ಷಿಣದ ಬಡ ಹಕ್ಕಾ ಮನೆತನದ ಹುಡುಗ. ಊರವರು ಇವನ ಮೇಲೆ ಆಸೆ ಇಟ್ಟಿದ್ದರು. ಮತ್ತೆ ಮತ್ತೆ ಫೇಲಾದ. 1837ರಲ್ಲಿ ಫೇಲಾದಾಗ ಜ್ವರ ಹಿಡಿದು ಮಲಗಿ ಕನಸು ಕಂಡ. ತಾನು ದೇವರ ಮಗ, ಯೇಸುವಿನ ತಮ್ಮ ಅಂತ ಆಮೇಲೆ ನಂಬಿದ. ಅವನ ಹಿಂದೆ ಬಡವರು ನಿಂತರು. ಭೂಮಿ ಹಂಚುತ್ತೇವೆ, ಹೆಂಗಸರ ಕಾಲು ಕಟ್ಟೋದನ್ನು ನಿಲ್ಲಿಸ್ತೇವೆ ಅಂತ ಹೊರಟ ತೈಪಿಂಗ್ ದಂಗೆ 1851ರಿಂದ 1864ರ ತನಕ ನಡೆಯಿತು. ನಾನ್‌ಜಿಂಗನ್ನೇ ರಾಜಧಾನಿ ಮಾಡಿಕೊಂಡರು. ಆದರೆ ನಾಯಕರು ಅರಮನೆ ಕಟ್ಟಿಕೊಂಡರು, ಒಬ್ಬರನ್ನೊಬ್ಬರು ಕೊಂದರು. ಕೊನೆಗೆ ಕಡಿಮೆ ಅಂದರೂ ಎರಡು ಕೋಟಿ ಜನ ಸತ್ತರು ಅಂತ ಲೆಕ್ಕ. ಸಿಟ್ಟು ನಿಜವಾದದ್ದೇ. ಆದರೆ ಒಬ್ಬನೇ ಮನುಷ್ಯನನ್ನು ದೇವರು ಮಾಡಿದ ಸಿಟ್ಟು ಎಲ್ಲಿಗೆ ಹೋಗಿ ಮುಟ್ಟಿತು ಅನ್ನೋದನ್ನೂ ನಾವು ಮರೆಯಬಾರದು.

ಈಗ ನಮಗೆ ತುಂಬ ಬೇಕಾದವನ ಹತ್ತಿರ ಬರ್ತೇವೆ. ಲೂ ಶುನ್. 1881ರಲ್ಲಿ ಹುಟ್ಟಿದ್ದು ಅದೇ ಶಾವ್‌ಶಿಂಗ್ ಪಟ್ಟಣದಲ್ಲಿ, ದುವೊಮಿನ್ ಜನ ಇದ್ದ ಊರಲ್ಲಿ. ಅವನದು ದೊಡ್ಡ ಮನೆ. ತಾತ ಅರಮನೆ ಪರೀಕ್ಷೆ ಪಾಸಾದವನು. ಆ ತಾತ 1893ರಲ್ಲಿ ಮಗನನ್ನು ಪಾಸು ಮಾಡಿಸೋದಕ್ಕೆ ಪರೀಕ್ಷಕನಿಗೆ ಲಂಚ ಕಳಿಸಿ ಸಿಕ್ಕಿಬಿದ್ದ, ಸೆರೆಮನೆ ಸೇರಿದ. ಮನೆ ಮುಳುಗಿತು. ಅಪ್ಪ ಕಾಯಿಲೆ ಬಿದ್ದ. ಹುಡುಗ ಲೂ ಶುನ್ ಗಿರವಿ ಅಂಗಡಿಗೂ ಔಷಧಿ ಅಂಗಡಿಗೂ ಓಡಾಡಿದ. 1896ರಲ್ಲಿ ಅಪ್ಪ ತೀರಿಕೊಂಡ. 1898ರಲ್ಲಿ ಫೀಜು ಇಲ್ಲದ ಹೊಸ ಮಾದರಿಯ ಶಾಲೆ ಅಂತ ನಾನ್‌ಜಿಂಗಿನ ನೌಕಾ ಶಾಲೆಗೆ ಸೇರಿದ. ಆಮೇಲೆ ಜಪಾನಿಗೆ ಹೋಗಿ ಡಾಕ್ಟರಿ ಓದಲು ಶುರುಮಾಡಿ, 1906ರಲ್ಲಿ ಅದನ್ನು ಬಿಟ್ಟು ಬರವಣಿಗೆ ಹಿಡಿದ. ಅಷ್ಟರಲ್ಲಿ 1905ರಲ್ಲಿ ಹಳೇ ಪರೀಕ್ಷೆ ನಿಂತುಹೋಗಿತ್ತು. 1911ರ ಕ್ರಾಂತಿಯಲ್ಲಿ ಚಕ್ರವರ್ತಿಯ ಆಳ್ವಿಕೆ ಮುರಿದುಬಿತ್ತು.

ಪರೀಕ್ಷೆ ನಿಂತರೂ ಸತ್ತ ಭಾಷೆ ಸಿಂಹಾಸನ ಬಿಟ್ಟು ಇಳಿದಿರಲಿಲ್ಲ. 1915ರಲ್ಲಿ ಚೆನ್ ದುಶಿಯು ಯುವಜನರಿಗಾಗಿ ಪತ್ರಿಕೆ ಶುರು ಮಾಡಿದ. 'ಹೊಸ ಯೌವನ' ಅಂತ ಅದರ ಹೆಸರು. 1917ರಲ್ಲಿ ಹು ಶಿ ಅದರಲ್ಲಿ ಬರೆದ: ಜನ ಆಡುವ ಮಾತಿನಲ್ಲೇ ಸಾಹಿತ್ಯ ಬರೆಯಬೇಕು ಅಂತ. 1918ರ ಮೇ ತಿಂಗಳಲ್ಲಿ ಲೂ ಶುನ್ ಬರೆದ 'ಹುಚ್ಚನ ದಿನಚರಿ' ಆಡುಮಾತಿನಲ್ಲಿ ಬಂತು. ಚರಿತ್ರೆಯ ಪುಸ್ತಕದ ಸಾಲುಗಳ ನಡುವೆ ಮನುಷ್ಯರನ್ನು ತಿನ್ನುವ ವಿಷಯ ಕಾಣುವ ಹುಚ್ಚನ ಕಥೆ ಅದು. ಮರುವರ್ಷ 'ಕೊಂಗ್ ಯಿಜಿ' ಬಂತು. ಪರೀಕ್ಷೆಯಲ್ಲಿ ಒಂದೂ ಮೆಟ್ಟಿಲು ಹತ್ತದ, ಕೂಲಿಯವರ ಜೊತೆ ನಿಂತೇ ಕುಡಿಯುವ, ಆದರೆ ಓದಿದವರ ಉದ್ದಂಗಿ ಮಾತ್ರ ಬಿಚ್ಚದ ಒಬ್ಬ ಮುದುಕ. ಒಂದು ಅಕ್ಷರವನ್ನು ನಾಲ್ಕು ತರಹ ಬರೆಯೋದು ಅವನಿಗೆ ಗೊತ್ತು, ಬದುಕೋದು ಗೊತ್ತಿಲ್ಲ. ಪುಸ್ತಕ ಕದ್ದು ಸಿಕ್ಕಿಬಿದ್ದು ಕಾಲು ಮುರಿಸಿಕೊಳ್ತಾನೆ. ಅವನನ್ನು ನೋಡಿ ಹೆಂಡದಂಗಡಿ ನಗುತ್ತೆ. ಡಿಗ್ರಿ ಕೈಯಲ್ಲಿ ಹಿಡಿದು ಊರಿಗೆ ಹೋಗಿ, ಗುದ್ದಲಿ ಹಿಡಿಯಲೂ ಆಗದೆ ಕೆಲಸವೂ ಸಿಗದೆ ಕೂತ ಅಣ್ಣಂದಿರನ್ನು ನಾವು ಕಂಡಿದ್ದೇವೆ. ಅದಕ್ಕೇ ಆ ಕಥೆ ಓದುವಾಗ ನಮಗೆ ನಗು ಬರಲಿಲ್ಲ.

1919ರ ಮೇ 4ರಂದು ಬೀಜಿಂಗಿನಲ್ಲಿ ಸುಮಾರು 3000 ವಿದ್ಯಾರ್ಥಿಗಳು ಬೀದಿಗೆ ಇಳಿದರು. ಜರ್ಮನಿಯ ಹಿಡಿತದಲ್ಲಿದ್ದ ಶಾನ್‌ದೊಂಗಿನ ಹಕ್ಕುಗಳನ್ನು ವರ್ಸೇಲ್ಸ್ ಒಪ್ಪಂದದಲ್ಲಿ ಜಪಾನಿಗೆ ಕೊಟ್ಟದ್ದರ ವಿರುದ್ಧ. ಮುಷ್ಕರ ಊರೂರಿಗೆ ಹರಡಿತು, ಅಂಗಡಿಯವರು, ಕೂಲಿಗಳು ಸೇರಿದರು. ಕೊನೆಗೆ ಚೀನಾ ಆ ಒಪ್ಪಂದಕ್ಕೆ ಸಹಿ ಹಾಕಲಿಲ್ಲ. 1920ರಲ್ಲಿ ಪ್ರಾಥಮಿಕ ಶಾಲೆಯ ಮೊದಲ ಎರಡು ತರಗತಿಗೆ ಆಡುಮಾತಿನ ಪಾಠ ಬರಬೇಕು ಅಂತ ಸರ್ಕಾರದ ಆದೇಶ ಆಯಿತು. ಹುಡುಗರ ಮೆರವಣಿಗೆ, ಒಂದು ಪತ್ರಿಕೆ, ನಾಲ್ಕಾರು ಕಥೆ ಸೇರಿ ಎರಡು ಸಾವಿರ ವರ್ಷದ ಭಾಷೆಯನ್ನು ಕೆಳಗೆ ಇಳಿಸಿದವು. ಅವ್ವ ಆಡುವ ಮಾತು ಪುಸ್ತಕಕ್ಕೆ ಬರಬಾರದು ಅಂತ ಹೇಳಿಸಿಕೊಂಡವರು ಇದನ್ನು ಎರಡು ಸಲ ಓದಬೇಕು.

ಹೆಂಗಸರ ಮಾತು ಬಿಟ್ಟರೆ ಕಥೆ ಅರ್ಧ ಆಗುತ್ತೆ. ಹೆಣ್ಣುಮಕ್ಕಳ ಕಾಲ್ಬೆರಳು ಮಡಚಿ ಬಿಗಿದು ಕಟ್ಟುವ ಪದ್ಧತಿ ನೂರಾರು ವರ್ಷ ನಡೆಯಿತು. 1912ರಲ್ಲಿ ಹೊಸ ಗಣರಾಜ್ಯ ಅದನ್ನು ನಿಷೇಧಿಸಿತು, ಹಳ್ಳಿಗಳಲ್ಲಿ ಆಮೇಲೂ ನಡೆಯಿತು. ಶಾವ್‌ಶಿಂಗಿನ ಚಿಯು ಜಿನ್ ಅನ್ನೋ ಹೆಂಗಸು ತನ್ನ ಕಾಲ ಕಟ್ಟು ಬಿಚ್ಚಿ, ಜಪಾನಿಗೆ ಹೋಗಿ ಓದಿ, ವಾಪಸು ಬಂದು ಕ್ರಾಂತಿಗೆ ಇಳಿದಳು. 1907ರಲ್ಲಿ ಅವಳ ತಲೆ ಕಡಿದರು. ಇತ್ತ ಹುನಾನ್ ಪ್ರಾಂತದ ಜಿಯಾಂಗ್‌ಯೊಂಗ್ ಸೀಮೆಯಲ್ಲಿ ಶಾಲೆಯ ಮುಖ ಕಾಣದ ಹಳ್ಳಿ ಹೆಂಗಸರು ತಮ್ಮದೇ ಒಂದು ಲಿಪಿ ಮಾಡಿಕೊಂಡಿದ್ದರು. ನೂಶು ಅಂತ ಹೆಸರು, ಹೆಂಗಸರ ಬರಹ ಅಂತ ಅರ್ಥ. ತಾವು ಆಡುವ ಮಾತಿನ ಒಂದೊಂದು ಉಲಿಗೆ ಒಂದೊಂದು ಅಕ್ಷರ. ಬೀಸಣಿಗೆ ಮೇಲೆ, ಬಟ್ಟೆ ಮೇಲೆ, ಮದುವೆಯಾಗಿ ಹೋಗುವ ಗೆಳತಿಗೆ ಕೊಡುವ ಪುಸ್ತಕದಲ್ಲಿ ತಮ್ಮ ಹಾಡು, ಸಂಕಟ ಬರೆದುಕೊಂಡರು. ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಂದ ಅಕ್ಷರ ಅದು. ಹೀಗೆ ಕಲಿತವರಲ್ಲಿ ಕೊನೆಯವರು ಅನ್ನಿಸಿಕೊಂಡ ಯಾಂಗ್ ಹುವಾನ್‌ಯಿ 2004ರಲ್ಲಿ ತೀರಿಕೊಂಡರು. ಪರೀಕ್ಷೆಯ ಬಾಗಿಲಲ್ಲಿ ಇವರನ್ನು ಯಾರೂ ಬಿಡಲಿಲ್ಲ. ಅವರು ಬಾಗಿಲನ್ನು ಕಾಯ್ತಾ ಕೂರಲಿಲ್ಲ.

ಈಗ ನಮ್ಮನ್ನು ನಿದ್ದೆಗೆಡಿಸಿದ ಒಂದು ಸಂಗತಿ. 1933ರಲ್ಲಿ ಲೂ ಶುನ್ ದುವೊಮಿನ್ ಜನರ ಬಗ್ಗೆ ಒಂದು ಸಣ್ಣ ಬರಹ ಬರೆದ. ಕ್ರಾಂತಿ ಆದಮೇಲೆ ಅವನ ತಾಯಿ ತಮ್ಮ ಮನೆಗೆ ಚಾಕರಿಗೆ ಬರುತ್ತಿದ್ದ ಒಬ್ಬ ದುವೊಮಿನ್ ಹೆಂಗಸಿಗೆ, ಇನ್ನು ಮೇಲೆ ನಾವೆಲ್ಲ ಒಂದೇ, ನೀನು ಬರಬೇಕಾಗಿಲ್ಲ ಅಂದಳಂತೆ. ಆ ಹೆಂಗಸು ಸಂತೋಷ ಪಡಲಿಲ್ಲ. ಮುಖ ಕೆಂಪಗೆ ಮಾಡಿಕೊಂಡು, ಇದೆಂಥ ಮಾತು, ನಾವು ತಲತಲಾಂತರಕ್ಕೂ ಬರೋರು ಅಂತ ಸಿಟ್ಟಾದಳಂತೆ. ಚಿಲ್ಲರೆ ಇನಾಮಿಗಾಗಿ ಜನ ಗುಲಾಮತನಕ್ಕೇ ಅಂಟಿಕೊಳ್ತಾರಲ್ಲ ಅಂತ ಲೂ ಶುನ್ ನೊಂದು ಬರೆದ.

ಇಲ್ಲಿ ನಾವು ಲೂ ಶುನ್ ಜೊತೆ ಸ್ವಲ್ಪ ಜಗಳ ಆಡಬೇಕು. ಅವನ ನೋವು ನಿಜ. ಇಂಥ ಮಾತನ್ನು ನಾವು ನಮ್ಮ ಮನೆಯಲ್ಲೇ ಕೇಳಿದ್ದೇವೆ. ತಮಟೆ ಬಡಿಯೋದು ಬಿಡಪ್ಪ ಅಂದರೆ, 'ಅದು ನಮ್ಮ ಹಕ್ಕು ಕಣೋ, ಯಾಕೆ ಬಿಡಲಿ' ಅಂತ ರೇಗಿದ ಹಿರಿಯರನ್ನು ಕಂಡಿದ್ದೇವೆ. ನಾವೂ ಅವತ್ತು ಲೂ ಶುನ್ ಹಾಗೇ ನೊಂದುಕೊಂಡೆವು, ಮುದುಕರ ಮೇಲೆ ಸಿಟ್ಟಾದೆವು. ಆದರೆ ದುವೊಮಿನ್ ಮನೆಗಳಿಗೆ ಇಂತಿಂಥ ದೊಡ್ಡ ಮನೆಗಳು ಅಂತ ಗೊತ್ತುಪಡಿಸಿ ಇರ್ತಿದ್ದವು. ಆ ಮನೆಯ ಮದುವೆ, ಹಬ್ಬದ ಕಾಳು ಕಾಸು ಇವರಿಗೆ. ಹೊಲ ಇಲ್ಲ, ಬೇರೆ ಕಸುಬಿಗೆ ಬಿಡೋದಿಲ್ಲ. ಇದ್ದ ಆಸ್ತಿ ಅದೊಂದೇ. 'ನಾವೆಲ್ಲ ಒಂದೇ, ನೀನು ಬರಬೇಡ' ಅಂತ ದೊಡ್ಡ ಮನೆಯ ಅಮ್ಮ ಜಗಲಿ ಮೇಲೆ ನಿಂತು ಹೇಳಿದರೆ, ಕೆಳಗೆ ನಿಂತವಳಿಗೆ ಕೇಳಿಸಿದ್ದು 'ನಾಳೆಯಿಂದ ನಿನಗೆ ಅನ್ನ ಇಲ್ಲ' ಅಂತ ಇರಬಹುದು. ಸಮಾನತೆ ಕೊಟ್ಟರು, ಜೊತೆಗೆ ಒಂದು ಗೇಣು ಹೊಲ ಕೊಟ್ಟರಾ? ಮಗನಿಗೆ ಶಾಲೆ ಕೊಟ್ಟರಾ? ಲೂ ಶುನ್ ಅಷ್ಟು ದೊಡ್ಡ ಮನುಷ್ಯ, ಆದರೂ ಅವನು ನೋಡಿದ್ದು ಜಗಲಿ ಮೇಲಿನಿಂದ. ಆ ಹೆಂಗಸೇ ಬರೆದಿದ್ದರೆ ಕಥೆ ಬೇರೆ ಆಗುತ್ತಿತ್ತು. ಅವಳಿಗೆ ಅಕ್ಷರ ಇರಲಿಲ್ಲ. ನಮಗೆ ಇದೆ. ಅದಕ್ಕೇ ನಮ್ಮ ಅವ್ವಂದಿರ ಸಿಟ್ಟನ್ನು ನಾವೇ ಬರೆಯಬೇಕು, ಬೇರೆಯವರ ಮರುಕಕ್ಕೆ ಬಿಟ್ಟುಕೊಡಬಾರದು.

1949ರಲ್ಲಿ ಕಮ್ಯುನಿಸ್ಟರ ರಾಜ್ಯ ಬಂತು. ಜಮೀನುದಾರರ ಹೊಲ ಹಂಚಿದರು. ಹಳೇ ಹೀನ ಪಟ್ಟಿಗಳು ಮುಗಿದವು. ಅದು ದೊಡ್ಡ ಕೆಲಸ. ಆದರೆ ಸತ್ಯವನ್ನು ಪೂರ್ತಿ ಹೇಳಬೇಕು. ಹೊಸ ಪಟ್ಟಿಗಳು ಬಂದವು. ಜಮೀನುದಾರ, ಸಾಹುಕಾರ ರೈತ, ಬಲಪಂಥೀಯ ಅಂತ ಒಂದೊಂದು ಮನೆಗೆ ಒಂದೊಂದು ಹಣೆಪಟ್ಟಿ. ಅದು ಅಪ್ಪನಿಂದ ಮಗನಿಗೆ ಇಳಿಯತೊಡಗಿತು. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿ ಶುರುವಾದಾಗ, ಕ್ರಾಂತಿಕಾರನ ಮಗ ಕ್ರಾಂತಿಕಾರ, ಕೆಟ್ಟವನ ಮಗ ಕೆಟ್ಟವನು ಅನ್ನೋ ರಕ್ತದ ಸಿದ್ಧಾಂತವನ್ನು ಅಧಿಕಾರದವರ ಮಕ್ಕಳು ಕೂಗಿದರು. ಯೂ ಲುವೊಕ ಅಂತ ಒಬ್ಬ ಯುವಕ. 1942ರಲ್ಲಿ ಹುಟ್ಟಿದವನು. ಅಪ್ಪ ಅಮ್ಮನಿಗೆ ಬಲಪಂಥೀಯರು ಅನ್ನೋ ಪಟ್ಟಿ ಬಿದ್ದಿದ್ದರಿಂದ ಇವನನ್ನು ಕಾಲೇಜಿಗೆ ಸೇರಿಸಲಿಲ್ಲ. ಕೂಲಿ ಮಾಡ್ತಾ ಓದಿದ. ಹುಟ್ಟಿನಿಂದ ಮನುಷ್ಯನನ್ನು ಅಳೆಯೋದು ತಪ್ಪು, ಹೀಗೇ ಬಿಟ್ಟರೆ ಹೊಸ ಜಾತಿ ಹುಟ್ಟುತ್ತೆ ಅನ್ನೋ ಅರ್ಥದ ಲೇಖನ ಬರೆದ. ಅದನ್ನು ಮೊದಲು ಈ ನಮ್ಮ ಪತ್ರಿಕೆಯ ಹಾಗೇ ಸ್ಟೆನ್ಸಿಲ್ ಕೊರೆದು ಮಸಿ ಬಳಿದು ಹಂಚಿದರು. 1967ರ ಜನವರಿಯಲ್ಲಿ ವಿದ್ಯಾರ್ಥಿಗಳ ಪತ್ರಿಕೆಯಲ್ಲಿ ಅಚ್ಚಾಯಿತು. 1968ರಲ್ಲಿ ಅವನನ್ನು ಹಿಡಿದರು. 1970ರ ಮಾರ್ಚ್ 5ರಂದು ಕೊಂದರು. ಅವನಿಗೆ 27 ವರ್ಷ. ಅವನ ಮೇಲಿನ ಆರೋಪ ಸುಳ್ಳು ಅಂತ ಸರ್ಕಾರ ಒಪ್ಪಿದ್ದು 1979ರಲ್ಲಿ. ಅದೇ ವರ್ಷ ಜಮೀನುದಾರರ, ಸಾಹುಕಾರ ರೈತರ ಮಕ್ಕಳ ಮೇಲಿನ ಹಣೆಪಟ್ಟಿಯನ್ನು ತೆಗೆಯುವ ತೀರ್ಮಾನವೂ ಆಯಿತು.

ಕಾಲೇಜು ಪ್ರವೇಶ ಪರೀಕ್ಷೆ ಹತ್ತು ವರ್ಷ ನಿಂತು 1977ರ ಚಳಿಗಾಲದಲ್ಲಿ ಮತ್ತೆ ಶುರುವಾದಾಗ ಸುಮಾರು 57 ಲಕ್ಷ ಜನ ಕೂತರು. ಹೊಲದಿಂದ, ಕಾರ್ಖಾನೆಯಿಂದ ಎದ್ದು ಬಂದರು. ಸೀಟು ಸಿಕ್ಕಿದ್ದು ಸುಮಾರು 2 ಲಕ್ಷ 70 ಸಾವಿರ ಜನಕ್ಕೆ. ಇನ್ನೊಂದು ಕಡೆ, 1958ರ ಕಾನೂನು ಜನರನ್ನು ಹಳ್ಳಿಯವರು, ಪಟ್ಟಣದವರು ಅಂತ ಬೇರೆ ಬೇರೆ ಲೆಕ್ಕದಲ್ಲಿ ಬರೆದಿತ್ತು. 1998ರ ತನಕ ಮಗು ತಾಯಿಯ ಲೆಕ್ಕಕ್ಕೇ ಸೇರಬೇಕಿತ್ತು. ಪಟ್ಟಿ ಬರೆಯೋರು ಬದಲಾದರೂ ಪಟ್ಟಿ ಬರೆಯುವ ಚಟ ಅಷ್ಟು ಬೇಗ ಬಿಡೋದಿಲ್ಲ.

ಮಾತು ಉದ್ದವಾಯಿತು, ಮೆಸ್ಸಿನ ಗಂಟೆ ಹೊಡೆಯುವ ಹೊತ್ತು. ಕೊನೆಗೆ ಒಂದು ವಿಷಯ ಹೇಳಿ ಮುಗಿಸ್ತೇವೆ. 1040ರ ಸುಮಾರಿಗೆ ಬಿ ಶೆಂಗ್ ಅನ್ನೋನು ಜೇಡಿಮಣ್ಣಿನಲ್ಲಿ ಒಂದೊಂದೇ ಅಕ್ಷರ ಮಾಡಿ, ಸುಟ್ಟು, ಜೋಡಿಸಿ ಅಚ್ಚು ಹಾಕೋದನ್ನು ಕಂಡುಹಿಡಿದ. ಲೋಕದಲ್ಲಿ ಬಿಡಿ ಅಚ್ಚುಮೊಳೆಯ ಕಥೆ ಅಲ್ಲಿಂದ ಶುರು. ಅವನ ಬಗ್ಗೆ ಶೆನ್ ಕುವೊ ಅನ್ನೋ ಪಂಡಿತ ನಾಲ್ಕು ಸಾಲು ಬರೆಯದೆ ಹೋಗಿದ್ದರೆ ಹೆಸರೂ ಉಳಿಯುತ್ತಿರಲಿಲ್ಲ. ಬರೆದದ್ದರಿಂದ ತಿಳಿಯೋದು ಇಷ್ಟೆ: ಅವನು ಪದವಿ ಇಲ್ಲದ ಸಾಮಾನ್ಯ ಮನುಷ್ಯ. ಅರಮನೆ ಪರೀಕ್ಷೆ ಪಾಸಾದ ಸಾವಿರಾರು ಜನರ ಎಂಟು ಭಾಗದ ಉತ್ತರಗಳು ಧೂಳಾದವು. ಒಬ್ಬ ಪದವಿ ಇಲ್ಲದವನ ಮಣ್ಣಿನ ಅಕ್ಷರ ಲೋಕದ ಚರಿತ್ರೆಗೆ ಸೇರಿತು.

ಹಾಗಂತ ನಾವು ಪರೀಕ್ಷೆ ಬರೆಯಬೇಡಿ ಅಂತ ಹೇಳ್ತಿಲ್ಲ. ಬರೆಯಿರಿ, ಪಾಸಾಗಿ, ಕಚೇರಿಗಳಿಗೆ ಹೋಗಿ ಕೂರಿ. ನಾಲ್ಕು ತಲೆಮಾರು ಕಾಯದೆ ಬಾಗಿಲು ತೆರೆಸಿದವರ ಬೆವರು ಅದರ ಹಿಂದೆ ಇದೆ. ಮೆರಿಟ್ ಅಂತ ಯಾರಾದರೂ ಕೆಣಕಿದರೆ ತಲೆ ತಗ್ಗಿಸಬೇಡಿ. ನಿಮ್ಮ ಕಾಲದ ಬಾಗಿಲಲ್ಲಿ ಯಾರನ್ನು ನಿಲ್ಲಿಸಿದ್ದಿರಿ ಅಂತ ತಿರುಗಿ ಕೇಳಿ. ಒಳಗೆ ಹೋದ ಮೇಲೆ ಉದ್ದಂಗಿಯ ಕೊಂಗ್ ಯಿಜಿ ಆಗಬೇಡಿ. ಹೊಸ ಪಟ್ಟಿ ಬರೆಯುವ ಪೆನ್ನು ನಿಮ್ಮ ಕೈಗೆ ಕೊಟ್ಟರೆ ಯೂ ಲುವೊಕನನ್ನು ನೆನೆಸಿಕೊಳ್ಳಿ. ಈ ಮಾತುಗಳು ಸೈಕ್ಲೋಸ್ಟೈಲ್ ಆಗಿ ನಿಮ್ಮ ಕೈಗೆ ಬಂದಾಗ ಓದಿ ಟ್ರಂಕಿನಲ್ಲಿ ಇಡಬೇಡಿ. ಪಕ್ಕದ ರೂಮಿನ ತಮ್ಮನಿಗೆ ಕೊಡಿ. ರಜೆಗೆ ಊರಿಗೆ ಹೋದಾಗ ಅವ್ವನ ಮುಂದೆ ಕೂತು ಓದಿ ಹೇಳಿ. ಅವಳು ಏನಾದರೂ ಬೈದರೆ, ಅದನ್ನು ಹಾಗೆಯೇ ಬರೆದುಕೊಂಡು ಬನ್ನಿ. ಮುಂದಿನ ಸಂಚಿಕೆಗೆ ಹಾಕೋಣ.

ಜೈಭೀಮ್.